ಹೆಸರಿಗೆ ಬಿಟ್ಟ ಜಾಗ

ಸಂತಾಪ ನಿರ್ಣಯ ಬರೆಯುವುದರಲ್ಲಿ ಬೇಲಾಪುರದ ನಮ್ಮ ಆಫೀಸಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬವಲ್ಲ, ಫೈಲಿನಲ್ಲಿದೆ! ‘ಸದಾ ಹಸನ್ಮುಖಿ, ಕರ್ತವ್ಯನಿಷ್ಠ, ತುಂಬಲಾರದ ನಷ್ಟ.’ ಮಾತು ಅದೇ, ಹೆಸರು ಮಾತ್ರ ಬೇರೆ. ಯಾರೇ ಹೋಗಲಿ, ನಾನು ಬರೆಯಬೇಕು, ಎಲ್ಲರೂ ಎರಡು ನಿಮಿಷ ಮೌನ ನಿಲ್ಲಬೇಕು, ಆಮೇಲೆ ಅರ್ಧ ದಿನ ರಜೆ. ಹಾಗಾಗಿ ನನ್ನ ಸಾಹಿತ್ಯಕ್ಕೆ ಅಭಿಮಾನಿಗಳು ಬಹಳ.

ಆ ಮೇ ತಿಂಗಳಲ್ಲಿ ಒಂದು ದಿನ “ಎದೆಯುರಿ” ಎನ್ನುತ್ತಾ ಕುರ್ಚಿಯಿಂದ ಎದ್ದವನು, ನೆಲಮಾಳಿಗೆಯ ರೆಕಾರ್ಡ್ ರೂಮು ತಂಪಾಗಿದೆಯೆಂದು ಹತ್ತು ದಿನ ಅಲ್ಲೇ ಹಳೆಯ ಫೈಲು ನೋಡುತ್ತ ಕೂತೆ. ಹಾಜರಿ ಪುಸ್ತಕಕ್ಕೆ ದಿನಾ ಸಹಿ ಹಾಕಿದ್ದೆ. ಅದನ್ನು ಯಾರು ನೋಡುತ್ತಾರೆ? ನೀವು ಎಲ್ಲಿ ಅಂತ ಯಾರೂ ಕೇಳಲಿಲ್ಲ.

ಹನ್ನೊಂದನೇ ದಿನ ವಿಜಾಪುರದ ಕಡೆಯ ಪ್ಯೂನ್ ಬಸಪ್ಪ ನೆಲಮಾಳಿಗೆಗೆ ಓಡಿಬಂದ. “ಭಟ್ರ, ಲಗೂನ ಸಂತಾಪ ಬರದ ಕೊಡ್ರಿ. ಮೂರನೇ ಮಾಳಿಗ್ಯಾಗ ಒಬ್ರು ಹ್ವಾದ್ರಂತ.”

“ಅಯ್ಯೋ, ಯಾರು ಮಾರಾಯಾ?”

“ಗೊತ್ತಿಲ್ರಿ. ಹೆಸರು ಸಾಹೇಬ್ರು ತುಂಬ್ತಾರಂತ. ಜಾಗಾ ಬಿಡ್ರಿ.”

ಮೂರನೇ ಮಹಡಿ ನಮ್ಮದೇ! ನಮ್ಮವರೇ ಅಲ್ಲವೇ ಎಂದು ‘ಅವರಿಲ್ಲದ ಆಫೀಸು ಬಿಕೋ ಎನ್ನುತ್ತಿದೆ’ ಎಂದು ಒಂದು ಸಾಲು ಹೆಚ್ಚಿಗೆ ಸೇರಿಸಿ ಕಳಿಸಿದೆ.

ಸಭೆಗೆ ಮೇಲೆ ಹೋದೆ. ಹಾರ ಹಾಕಿದ್ದು ನನ್ನ ಕುರ್ಚಿಗೆ. ಊದುಬತ್ತಿ ಸಿಕ್ಕಿಸಿದ್ದು ನನ್ನ ಚಹಾದ ಕಪ್ಪಿನಲ್ಲಿ. ಫ್ಯಾನು ತಿರುಗುತ್ತಿದ್ದರೂ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಸಾಹೇಬರು ಗಂಟಲು ಸರಿಮಾಡಿಕೊಂಡು ಓದಿದರು: “ಕೈಲಾಸವಾಸಿ ಗಣಪತಿ ಭಟ್...”

ನಾನೇ! ಬಾಯಿ ತೆರೆದೆ. ಅಷ್ಟರಲ್ಲಿ ಮೌನ ಶುರುವಾಯಿತು. ಮೌನಾಚರಣೆಯ ನಡುವೆ ಮಾತಾಡುವುದು ಶಿಷ್ಟಾಚಾರವಲ್ಲ. ನಾನೂ ತಲೆ ತಗ್ಗಿಸಿದೆ. ಎದೆ ಹೊಡೆದುಕೊಳ್ಳುತ್ತಿದೆಯೇ ಎಂದು ಮೆಲ್ಲಗೆ ಕೈಯಿಟ್ಟು ನೋಡಿಕೊಂಡೆ. ಹೊಡೆದುಕೊಳ್ಳುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಅದೊಂದರ ಮಾತು ನಡೆಯುತ್ತದೆಯೇ?

ಹನ್ನೊಂದು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕೂತ ಜೋಶಿಬಾಯಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ ಮರಾಠಿಯಲ್ಲಿ ಕೇಳಿದರು. “ಫಾರ್ ಚಾಂಗ್ಲಾ ಮಾಣೂಸ್ ಹೋತಾ. ಆಪಣ್ ಕುಠಲ್ಯಾ ಸೆಕ್ಷನ್‌ಚೆ?” ಬಹಳ ಒಳ್ಳೆಯ ಮನುಷ್ಯನಂತೆ! ನಾನು ಯಾವ ಸೆಕ್ಷನ್ನಿನವನು ಅಂತ ಬೇರೆ!

“ಸಾಹೇಬ್ರೇ, ನಾನು...” ಎಂದು ಮುನ್ನುಗ್ಗಿದೆ. ಬಸಪ್ಪ ತೋಳು ಹಿಡಿದು ಎಳೆದ.

“ಸುಮ್ನಿರ್ರಿ ಭಟ್ರ! ನೀವು ಜೀವಂತ ಅದೀರಿ ಅಂದ್ರ ಹಾಫ್ ಡೇ ಕ್ಯಾನ್ಸಲ್ ಆಗ್ತದ. ನಾಳೆ ಹೇಳೂಣಂತ.”

ಹೆಗಲಿಗೆ ಚೀಲ ಏರಿಸಿಕೊಂಡಿದ್ದ ಅಷ್ಟೂ ಜನ ನನ್ನನ್ನೇ ದುರುಗುಟ್ಟಿ ನೋಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಎಲ್ಲರೂ ನನ್ನನ್ನು ನೋಡಿದ್ದು! ನಾನೂ ಚೀಲ ಏರಿಸಿಕೊಂಡೆ. ಅವರ ಹಿಂದೆಯೇ ಲೋಕಲ್ ರೈಲು ಹಿಡಿದು ಖಾರಘರದ ಮನೆಗೆ ಬಂದೆ.

ಬಾಗಿಲು ತೆರೆದ ಹೆಂಡತಿ ಕೇಳಿದಳು, “ಎಂತ, ಇಷ್ಟು ಬೇಗ?”

“ಆಫೀಸಲ್ಲಿ ಒಬ್ಬರು ತೀರಿಕೊಂಡ್ರು.”

“ಅಯ್ಯೋ ಪಾಪ! ನಿಮಗೆ ಗುರ್ತದವರಾ?”

ನಾನು ಚಪ್ಪಲಿ ಬಿಡುತ್ತಾ ಯೋಚಿಸಿದೆ.

“ಅಷ್ಟೇನಿಲ್ಲ ಮಾರಾಯ್ತಿ,” ಅಂದೆ.