ಮುಖದ ಹಾಜರಿ ಮತ್ತು ಮೆಣಸಿನಕಾಯಿ ಘಾಟು

ಅಥವಾ ಆ ದಿನ ನಾನು ಮುಖಕ್ಕೆ ಪೌಡರ್ ಹಚ್ಚಿಕೊಂಡಿರಲೇ ಇಲ್ಲವೋ ಏನೋ. ಹಚ್ಚಿಕೊಂಡಿದ್ದೆ ಎಂದು ಹೆಂಡತಿ ಶೋಭಾ ಹೇಳುತ್ತಾಳೆ; ಅವಳು ಹತ್ತು ಸಲ ಹೇಳಿದ್ದರಿಂದ ಈಗ ನನಗೂ ಪೌಡರಿನ ವಾಸನೆ ನೆನಪಾಗುತ್ತದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ತನಗೆ ಗೊತ್ತಿಲ್ಲದ ಕಡೆ ಅದು ಸುಮ್ಮನಿರುವುದಿಲ್ಲ, ಏನಾದರೊಂದು ತುಂಬಿಬಿಡುತ್ತದೆ. ನಿಶ್ಚಿತವಾಗಿ ಹೇಳಬಹುದಾದದ್ದು ಇಷ್ಟು: ನಾನು ಗುಮಾಸ್ತನಾಗಿರುವ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಹಾಜರಿ ಪುಸ್ತಕ ಹೋಗಿ, ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂತು. ಮೊದಲೊಮ್ಮೆ ಎಲ್ಲರೂ ಅದಕ್ಕೆ ಮುಖ ತೋರಿಸಿ ಪರಿಚಯ ಮಾಡಿಕೊಳ್ಳಬೇಕಿತ್ತು. ಹಮಾಲರು ಮೆಣಸಿನಕಾಯಿ ಚೀಲ ಇಳಿಸುತ್ತ, ಇದ್ದ ಹಾಗೆಯೇ ಬಂದು ತೋರಿಸಿದರು. ನಾನು ಮಾತ್ರ ಗುಮಾಸ್ತನ ಘನತೆ ಬಿಡಲಾರದೆ, ಇಸ್ತ್ರಿ ಅಂಗಿ ತೊಟ್ಟು, ಶೋಭಾ ಹೇಳುವ ಪ್ರಕಾರ ಪೌಡರನ್ನೂ ಹಚ್ಚಿಕೊಂಡು, ಹಾವೇರಿಯ ಮುಖ್ಯ ಕಚೇರಿಗೇ ಹೋಗಿ ಫ್ಯಾನಿನ ಕೆಳಗೆ ಕುಳಿತು ತೋರಿಸಿ ಬಂದೆ.

ಸುಗ್ಗಿ ಏರಿತು. ಆಗ ಬ್ಯಾಡಗಿಯ ಗಾಳಿ ಹೇಗಿರುತ್ತದೆಂದು ಮೂಗುಳ್ಳವರಿಗೆ ವಿವರಿಸಬೇಕಿಲ್ಲ. ಎಲ್ಲರ ಮುಖಕ್ಕೂ ಟವೆಲ್. ಕಾಣುವುದು ಕಣ್ಣು ಮಾತ್ರ, ಅದೂ ನೀರು ತುಂಬಿಕೊಂಡು. ಆದರೂ ಒಬ್ಬರನ್ನೊಬ್ಬರು ಗುರುತಿಸಲು ನಮಗೆ ತೊಂದರೆಯಿರಲಿಲ್ಲ. ಹಮಾಲರ ಹಿರಿಯ ಫಕ್ಕೀರಪ್ಪ ಚೀಲದ ರಾಶಿಯ ಆಚೆ ನಿಂತು, ಸೀನು ಕೇಳಿಯೇ ಯಾರು ಬಂದರೆಂದು ಹೇಳುತ್ತಿದ್ದ. ನನ್ನದು ಎರಡು ಸಣ್ಣದು, ಒಂದು ದೊಡ್ಡದು. ಯಂತ್ರಕ್ಕೆ ಈ ವಿದ್ಯೆ ಇಲ್ಲ. ಅದರೊಳಗಿನ ಹೆಣ್ಣುದನಿ “ನೇರ ನೋಡಿ, ಕಣ್ಣು ಮಿಟುಕಿಸಿ” ಎನ್ನುತ್ತದೆ, ಎದುರಿಗಿರುವುದು ಫೋಟೋ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ನಾನು ಟವೆಲ್ ಬಿಚ್ಚಿದೊಡನೆ ಕಣ್ಣು ತಾನಾಗಿ ಇಪ್ಪತ್ತು ಸಲ ಬಡಿದುಕೊಂಡಿತು, ಮೂಗು ಸೋರಿತು. ನಾನು ಜೀವಂತ ಇದ್ದೇನೆಂಬುದರಲ್ಲಿ ಅದಕ್ಕೆ ಸಂಶಯ ಉಳಿಯಲಿಲ್ಲ. ನಾನು ನಾನೇ ಎಂಬುದನ್ನು ಮಾತ್ರ ಒಪ್ಪಲಿಲ್ಲ. ಮೂರು ಸಲ ಗುರುತು ಸಿಗದಿದ್ದರೆ ಅರ್ಧ ದಿನದ ರಜೆ ಹೋಯಿತೆಂದೇ ಲೆಕ್ಕ.

ಒಂದು ವಾರದಲ್ಲಿ ನನ್ನ ರಜೆ ಕರಗಿ ಒಂದೇ ಒಂದು ದಿನ ಉಳಿಯಿತು. ಆ ಒಂದು ದಿನ ನನಗೆ ಬೇಕೇ ಬೇಕಿತ್ತು. ಕುಪ್ಪೇಲೂರಿನ ನನ್ನ ಅತ್ತೆಗೆ ರಾಣೆಬೆನ್ನೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್. ಹೆದರಿ ಎರಡು ಸಲ ತಾರೀಖು ಮುಂದೂಡಿದ್ದ ಅವರು, ಅಳಿಯ ಬಾಜೂ ಕೂತು ಕೈ ಹಿಡಿದುಕೊಂಡರೆ ಮಾತ್ರ ಈ ಸಲ ಬರುತ್ತೇನೆ ಎಂದಿದ್ದರು. ನಾನು ಮಾತು ಕೊಟ್ಟಿದ್ದೆ. ಆದ್ದರಿಂದ ಯಂತ್ರಕ್ಕೆ ಸೋಲಬಾರದೆಂದು ನಿಶ್ಚಯಿಸಿದೆ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ, ಮೂಗಿನ ಕೆಳಗೆ ಹೆಚ್ಚಿದ ಉಳ್ಳಾಗಡ್ಡಿ ಹಿಡಿದು, ಕಣ್ಣೀರು ಸುರಿಯುತ್ತಿರುವಾಗಲೇ ಹಾವೇರಿಯ ಮುಖ ತಂದುಕೊಳ್ಳುವ ಅಭ್ಯಾಸ ಶುರು ಮಾಡಿದೆ.

“ಅಲ್ರೀ, ಉಳ್ಳಾಗಡ್ಡಿ ಹಿಡ್ಕೊಂಡು ಗ್ವಾಡಿ ನೋಡಿ ಯಾಕ ನಗಾಕತ್ತೀರಿ?” ಎಂದಳು ಶೋಭಾ. ಹೇಳಿದೆ. “ಲಗ್ನದಾಗೂ ನೀವು ಇಷ್ಟು ಚಂದಂಗ ನಕ್ಕಿರಲಿಲ್ಲ ಬಿಡ್ರಿ” ಎಂದು, ಉಳ್ಳಾಗಡ್ಡಿ ಕಸಿದುಕೊಂಡು ಒಗ್ಗರಣೆಗೆ ಹಾಕಿದಳು.

ದಾರಿ ತೋರಿಸಿದವನು ಫಕ್ಕೀರಪ್ಪ. ಅವನು ಯಂತ್ರದ ಮುಂದೆ ಸೀನುತ್ತಲೇ ನಿಂತರೂ ಅದು ತಕ್ಷಣ ಗುರುತು ಹಿಡಿದು ಧನ್ಯವಾದ ಹೇಳುತ್ತಿತ್ತು. ಗುಟ್ಟೇನೆಂದು ಕೇಳಿದೆ. “ಸರ, ನೀವು ಹಾವೇರ್ಯಾಗ ಮದುವಿ ಗಂಡಿನ ಮಾರಿ ತೋರ್ಸಿ ಬಂದೀರಿ. ಇಲ್ಲೆ ದಿನಾ ತರೂದು ಬ್ಯಾರೆ ಮಾರಿ. ಪಾಪ, ಅದಾದ್ರೂ ಏನ್ ಮಾಡ್ತೈತಿ? ನಾವು ಮೊದಲ ಅಳಕೋತ ಹೋಗಿ ನಿಂತಿದ್ವಿ.” ಹೌದಲ್ಲ. ಮ್ಯಾನೇಜರನ್ನು ಕಾಡಿಬೇಡಿ ಯಂತ್ರದಲ್ಲಿದ್ದ ಹಳೆಯ ಮುಖ ಅಳಿಸಿಹಾಕಿಸಿದೆ. ಬಿಚ್ಚಿದ ಚೀಲದ ಪಕ್ಕ ಹಟದಿಂದ ಅರ್ಧ ಗಂಟೆ ನಿಂತು, ಊದಿದ ಕಣ್ಣು, ಕೆಂಪು ಮೂಗಿನ ಹೊಸ ಮುಖ ಕೊಟ್ಟೆ. ಮರುದಿನದಿಂದ ಯಂತ್ರ ನನ್ನನ್ನು ನೆಂಟನಂತೆ ಬರಮಾಡಿಕೊಂಡಿತು. ಉಳಿದ ಒಂದು ದಿನದ ರಜೆಗೆ ಅರ್ಜಿ ಹಾಕಿ, ಅತ್ತೆಯ ಆಪರೇಷನ್ ಮುಗಿಸಿಕೊಂಡು ಬಂದೆ. ಮುಗಿಸಿಕೊಂಡು ಬಂದೆ ಎಂದೇ ಅಂದುಕೊಂಡಿದ್ದೆ.

ತಿಂಗಳ ಕೊನೆಗೆ ಹಾಜರಿ ಪಟ್ಟಿ ಬಂತು. ಆಪರೇಷನ್ ದಿನ ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಬ್ಯಾಡಗಿಯಲ್ಲಿ ಹಾಜರ್. ರಜೆ ಹಾಗೆಯೇ ಉಳಿದಿದೆ. ಸುಗ್ಗಿಯಲ್ಲಿ ಅಳುವ ಮುಖಗಳೆಲ್ಲ ಒಂದೇ ಥರ, ಯಾರದೋ ಮುಖ ನನ್ನದೆಂದು ಬಗೆದಿರಬೇಕು ಎಂದು ಹಾವೇರಿಗೆ ಫೋನ್ ಮಾಡಿದೆ. ಯಂತ್ರ ಸುಳ್ಳು ಹೇಳುವುದಿಲ್ಲ, ನೀವೇ ಸರಿಯಾಗಿ ನೆನಪು ಮಾಡಿಕೊಳ್ಳಿ ಎಂದರು. ಅಲ್ಲಿಗೆ ನನ್ನ ಧೈರ್ಯ ಹೋಯಿತು. ಆಸ್ಪತ್ರೆಯ ಬೆಂಚು ನೆನಪಿದೆ. ಆದರೆ ಯಂತ್ರದ ಧನ್ಯವಾದವೂ ನೆನಪಿದೆ, ಅದು ಯಾವ ದಿನದ್ದೋ. ಶೋಭಾಳನ್ನು ಕೇಳಿದೆ. “ಇದ್ರಿ ಖರೇ. ಆದ್ರ ಚಾ ಕುಡದು ಬರ್ತೀನಿ ಅಂತ ಹೋದವ್ರು ಯಾವಾಗ ಬಂದ್ರಿ, ನಾನೇನು ಗಡಿಯಾರ ನೋಡಿದ್ನೇನು?” ಎಂದಳು.

ಕೊನೆಗೆ ಕುಪ್ಪೇಲೂರಿಗೇ ಹೋದೆ. ಅತ್ತೆ ಹೊಸ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. “ಆವತ್ತು ಹನಿ ಹಾಕಿ ಕಣ್ಣು ಮುಚ್ಚಿಸಿ ಕುಂದ್ರಿಸಿದ್ರಲ್ಲ, ಆಗ ಯಾರೋ ಕೈ ಹಿಡಕೊಂಡಿದ್ರು. ಬೆಚ್ಚಗಿತ್ತು. ನೀವ ಅಂತ ತಿಳ್ಕೊಂಡು ಧೈರ್ಯದಿಂದ ಒಳಗ ಹೋದ್ನಿ” ಎಂದರು. ಮತ್ತೆ, “ನೀವ ಹೌದಲ್ಲೇನ್ರಿ?” ಎಂದು ಕೇಳಿದರು.

ಹೌದೆಂದೆ. ಲೆಕ್ಕದಲ್ಲಿ ಉಳಿದ ಆ ಒಂದು ದಿನದ ರಜೆಯನ್ನು ಕಚೇರಿಗೆ ಮರಳಿಸಿಲ್ಲ. ಒಂಬತ್ತು ಹನ್ನೆರಡಕ್ಕೆ ನಾನು ಎಲ್ಲಿದ್ದೆ ಎಂಬುದು ನನಗೆ ಗೊತ್ತಿಲ್ಲ.