ಗುಂಡಣ್ಣನನ್ನು ಒಪ್ಪಿಸಿಕೊಟ್ಟದ್ದು

ಬಡವರ ಮೇಲೆ ಕನಿಕರ ಪಡುವುದು ಯಾರಿಗಾದರೂ ಬರುತ್ತದೆ, ಅದಕ್ಕೆ ವಿಶೇಷ ಪ್ರತಿಭೆಯೇನೂ ಬೇಕಿಲ್ಲ. ಆದರೆ ನಮ್ಮ ಬಡಾವಣೆಯ ಮನೆಗಳನ್ನೆಲ್ಲ ಕೊಂಡು, ಮಿಕ್ಕ ಚಿಲ್ಲರೆಯಲ್ಲಿ ಹಿಂದಿನ ಕೆರೆಯನ್ನೂ ಅದರ ಬಾತುಕೋಳಿಗಳನ್ನೂ ಕೊಳ್ಳಬಲ್ಲಷ್ಟು ಸಂಬಳ ಬರುವವನ ಮೇಲೆ ಕನಿಕರ ಪಡಬೇಕಾದರೆ ಸ್ವಲ್ಪ ಸಾಧನೆ ಬೇಕು. ನನಗೆ ಆ ಸಾಧನೆ ಈಚೆಗೆ ಕೈಹತ್ತಿದೆ. ಚಳಿಯಲ್ಲಿ ನಮ್ಮ ಮನೆ ಬೆಚ್ಚಗಿಡುವ ಫರ್ನೇಸು ಕೆಟ್ಟು ನಿಂತಾಗ ನನ್ನ ಮುಖದ ಮೇಲೆ ಕಾಣದ ಸಂಕಟ, ಬೇಸ್‌ಬಾಲ್ ಆಟಗಾರನೊಬ್ಬ ಬ್ಯಾಟನ್ನು ಗಾಳಿಗೆ ಬೀಸಿದಾಗ ಕಾಣುತ್ತದೆಂದು ನನ್ನ ಹೆಂಡತಿ ಸುನಂದ ಹೇಳುತ್ತಾಳೆ. ಹೇಳುವುದೇನು, ದೂರುತ್ತಾಳೆ. ಆ ದೂರಿನಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಈ ಕನಿಕರ ನನ್ನಲ್ಲಿ ತಾನಾಗಿ ಹುಟ್ಟಿದ್ದಲ್ಲ, ಅವಳ ಅಣ್ಣ ಹುಟ್ಟಿಸಿದ್ದು.

ನಾನು ಡೆಟ್ರಾಯಿಟ್ ಪಕ್ಕದ ವಾರೆನ್ನಿನಲ್ಲಿ ಕಾರಿನ ಬಾಗಿಲುಗಳ ಎಂಜಿನಿಯರು. ಇನ್ನೂ ಬಿಡಿಸಿ ಹೇಳಬೇಕೆಂದರೆ, ಬಾಗಿಲು ಮುಚ್ಚಿದಾಗ ಬರುವ ಸದ್ದಿನ ಎಂಜಿನಿಯರು. ಗಿರಾಕಿ ಷೋರೂಮಿಗೆ ಬಂದವನೇ ಎಂಜಿನ್ ನೋಡುವುದಿಲ್ಲ, ಬಾಗಿಲು ಹಾಕಿ ನೋಡುತ್ತಾನೆ. ಆಗ ಡಬ್ಬಿ ಬಿದ್ದ ಸದ್ದಾಗದೆ, ಮೈಸೂರಿನ ನಮ್ಮ ಅಜ್ಜಿಯ ಕಬ್ಬಿಣದ ತಿಜೋರಿ ಮುಚ್ಚಿದ ಹಾಗೆ 'ಧಬ್' ಎನ್ನಬೇಕು. ಆ 'ಧಬ್' ಎಂಬುದೇ ನನ್ನ ಅನ್ನ. ಇಂಥ ಕೆಲಸದಲ್ಲಿರುವವನಿಗೆ ಊಟದ ಹೊತ್ತಿನಲ್ಲಿ ಮಾತಾಡಲು ಬೇರೆ ವಿಷಯ ಬೇಕೇಬೇಕು. ನಮ್ಮ ಆಫೀಸಿನಲ್ಲಿ ಆ ವಿಷಯ ಬೇಸ್‌ಬಾಲ್. ಮೊದಮೊದಲು ನನಗದು ಕ್ರಿಕೆಟ್ಟಿನ ಬಡ ನೆಂಟನಂತೆ ಕಂಡಿತ್ತು. ಮೂರು ಸಲ ಬೀಸಿ ಮೂರೂ ಸಲ ತಪ್ಪಿದರೆ ಔಟು, ಹತ್ತಕ್ಕೆ ಮೂರು ಸಲ ಹೊಡೆದವನು ಮಹಾಪುರುಷ. ಹತ್ತಕ್ಕೆ ಏಳು ಸಲ ಸೋಲುವವನನ್ನು ಹೊತ್ತು ಮೆರೆಸುವ ಆಟ ಇದೆಂದು ತಿಳಿದ ದಿನ ಮಾತ್ರ ನನಗೆ ಇದರ ಮೇಲೆ ಪ್ರೀತಿ ಹುಟ್ಟಿತು. ಇದು ನನ್ನಂಥವರ ಆಟ ಎನಿಸಿತು.

ಈ ಆಟ ಬೇಸಿಗೆಯಲ್ಲಿ ಮಾತ್ರ ನಡೆಯುತ್ತದೆ ಎಂದು ತಿಳಿದವರು ಪೆದ್ದರು. ಅಸಲಿ ಆಟ ನಡೆಯುವುದು ಚಳಿಗಾಲದಲ್ಲಿ, ಮೈದಾನದ ಮೇಲೆ ಒಂದು ಅಡಿ ಹಿಮ ಬಿದ್ದಿರುವಾಗ. ಒಪ್ಪಂದ ಮುಗಿದ ಆಟಗಾರ ಆಗ ಸ್ವತಂತ್ರ, ಯಾರು ಹೆಚ್ಚು ಕೊಡುತ್ತಾರೋ ಅವರ ಕಡೆ ಹೋಗಬಹುದು. ಆ ದಿನಗಳಲ್ಲಿ ಅಭಿಮಾನಿಗಳ ಪಾಡು ಮಗಳಿಗೆ ವರ ಹುಡುಕುವವರ ಪಾಡೇ. ಹುಡುಗನ ವಯಸ್ಸೆಷ್ಟು, ಮಂಡಿ ಹೇಗಿದೆ, ಹಿಂದಿನ ಮನೆಯವರು ಯಾಕೆ ಬಿಟ್ಟರು, ಕುಡಿಯುತ್ತಾನಾ ಎಂದು ಎಲ್ಲವನ್ನೂ ವಿಚಾರಿಸುತ್ತೇವೆ. ಗಂಟು ಬಿಚ್ಚುವವರು ಟೀಮಿನ ಮಾಲೀಕರು, ನಿದ್ದೆ ಬಿಡುವವರು ನಾವು.

ಸುನಂದಳ ಅಣ್ಣ, ಅಂದರೆ ನನ್ನ ಭಾವ, ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನಲ್ಲಿ ಮಕ್ಕಳ ಡಾಕ್ಟರು. ಮೂಲ ಹಾವೇರಿ ಕಡೆಯವರು. ದಿನಪೂರ್ತಿ ಅಳುವ ಮಕ್ಕಳನ್ನು ನೋಡಿ ನೋಡಿ ಅವರಿಗೆ ಸಿಟ್ಟು ಎಂಬುದೇ ಬತ್ತಿಹೋಗಿದೆ. ಆದ್ದರಿಂದಲೇ ಇರಬೇಕು, ಸೋಲುವುದರಲ್ಲಿ ನಿಸ್ಸೀಮವಾದ ಶಿಕಾಗೋ ಟೀಮೊಂದಕ್ಕೆ ಅವರು ಅಭಿಮಾನಿ. ಆ ಟೀಮಿನಲ್ಲಿ ಅವರ ಕಣ್ಮಣಿ ಒಬ್ಬನಿದ್ದ. ದುಂಡಗಿನ ಮೈ, ದುಂಡಗಿನ ಮುಖ, ಭಾರಿ ಹೊಡೆತಗಾರ. ಅವನ ನಿಜವಾದ ಹೆಸರು ನಮ್ಮ ನಾಲಿಗೆಗೆ ಹೊರಳದು, ನಮ್ಮೆರಡೂ ಮನೆಗಳಲ್ಲಿ ಅವನು ಗುಂಡಣ್ಣ. ನಾನು ಡೆಟ್ರಾಯಿಟಿನವನಲ್ಲವೇ, ಏಳು ವರ್ಷ ಗುಂಡಣ್ಣನನ್ನು ಆಡಿಕೊಂಡೇ ಕಾಲ ಕಳೆದೆ. ನಮ್ಮ ಮೇಲೆ ಆಡುವಾಗ ಅವನು ತಪ್ಪಿದರೆ ಸಾಕು, ಭಾವನಿಗೆ ವಾಟ್ಸಾಪಿನಲ್ಲಿ ಒಂದು ಕುಂಬಳಕಾಯಿ ಚಿತ್ರ ಕಳಿಸುತ್ತಿದ್ದೆ. ಅವರು ಕೈಮುಗಿದ ಚಿತ್ರ ವಾಪಸು ಕಳಿಸುತ್ತಿದ್ದರು. ಬಾಂಧವ್ಯ ಚೆನ್ನಾಗಿತ್ತು.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ನಮ್ಮ ಡೆಟ್ರಾಯಿಟಿನವರು ಗುಂಡಣ್ಣನನ್ನೇ ಕೊಂಡುಬಿಟ್ಟರು. ಕೊಟ್ಟ ಮೊತ್ತವನ್ನು ರೂಪಾಯಿಗೆ ತಿರುಗಿಸಿ ನೋಡೋಣವೆಂದು ಫೋನಿನಲ್ಲಿ ಒತ್ತಿದರೆ, ಅದು ಅಂಕಿ ಬಿಟ್ಟು ಅಕ್ಷರ ತೋರಿಸತೊಡಗಿತು. ನನಗೆ ಬಂದ ಕಷ್ಟ ನೀವೇ ಊಹಿಸಿ. ಏಳು ವರ್ಷ ಕುಂಬಳಕಾಯಿ ಎಂದವನನ್ನು ಬೆಳಗಾಗುವುದರೊಳಗೆ ಕುಲದೀಪಕ ಎನ್ನಬೇಕಾಗಿತ್ತು. ಎಂದೆ. ಹಲ್ಲುಜ್ಜುವ ಹೊತ್ತಿಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿತ್ತು. ಆ ಶನಿವಾರ ರಾಚೆಸ್ಟರ್ ಹಿಲ್ಸಿನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದ ಅಪರಿಚಿತರೊಬ್ಬರಿಗೂ ಗುಂಡಣ್ಣನ ಗುಣಗಾನ ಮಾಡಿದೆ. ಅವರು ಪಾಪ, ಬೆಂಡೆಕಾಯಿ ಅಲ್ಲೇ ಬಿಟ್ಟು ಬದನೆಕಾಯಿ ಕಡೆ ಸರಿದರು.

ಭಾನುವಾರ ಭಾವನ ಫೋನು ಬಂತು. ಸುನಂದ ಸ್ಪೀಕರಿಗೆ ಹಾಕಿದಳು. ಅಭಿನಂದಿಸುತ್ತಾರೆ ಅಥವಾ ಛೇಡಿಸುತ್ತಾರೆ ಎಂದುಕೊಂಡಿದ್ದೆ. ಅವರ ದನಿ ಎರಡೂ ಆಗಿರಲಿಲ್ಲ, ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿನ ದನಿಯಾಗಿತ್ತು. ನಮ್ಮ ಮದುವೆಯಲ್ಲಿ ಮಾವನವರು ಇಲ್ಲದ್ದರಿಂದ ಭಾವನೇ ಮುಂದೆ ನಿಂತು ಸುನಂದಳ ಕೈಯನ್ನು ನಮ್ಮಮ್ಮನ ಕೈಯಲ್ಲಿಟ್ಟವರು, ಹಾಗಾಗಿ ಆ ದನಿಯ ಪರಿಚಯ ನನಗಿತ್ತು. ನನ್ನನ್ನು ಅವರು ಇಂದಿಗೂ ಅಳಿಯಂದ್ರು ಎಂದೇ ಕರೆಯುತ್ತಾರೆ.

"ನೋಡ್ರಿ ಅಳಿಯಂದ್ರ," ಎಂದರು, "ಅವಂಗ ಥಂಡಿ ಆಗಿಬರಂಗಿಲ್ಲ. ಐವತ್ತು ಡಿಗ್ರಿ ಒಳಗ ಇಳಿದ್ರ ಕೈ ಏಳಂಗಿಲ್ಲ. ಏಪ್ರಿಲ್‌ನ್ಯಾಗ ಏನೂ ಹೊಡಿಯಂಗಿಲ್ಲ, ನೀವು ಗಾಬರಿ ಆಗಬ್ಯಾಡ್ರಿ. ಬೈದ್ರ ಇನ್ನೂ ಕೆಡತಾನ. ಸುಮ್ನ ಬಿಡ್ರಿ, ತಾನ ಸರಿ ಹೋಗತಾನ."

ಐವತ್ತೆಂದರೆ ಅಮೆರಿಕದ ಲೆಕ್ಕ, ನಮ್ಮೂರಿನ ಲೆಕ್ಕದಲ್ಲಿ ಹತ್ತು ಡಿಗ್ರಿ. ನಾನು ಗಂಭೀರವಾಗಿ "ಆಯ್ತು ಭಾವ, ನಮ್ಮನೆ ಮಗನ ಹಾಗೆ ನೋಡ್ಕೋತೀವಿ" ಎಂದು ಮಾತು ಕೊಟ್ಟೆ. ಸುನಂದ ಮಾತ್ರ ಸೌಟು ಹಿಡಿದು ನಿಂತಿದ್ದವಳು, ತನ್ನನ್ನು ಒಪ್ಪಿಸಿಕೊಡುವಾಗ ಅಣ್ಣ ಇದರಲ್ಲಿ ಅರ್ಧದಷ್ಟೂ ಹೇಳಲಿಲ್ಲ ಎಂದಳು. ನಿನಗೆ ಬೈದರೂ ಕೆಡುತ್ತಿರಲಿಲ್ಲವಲ್ಲ, ನೀನೇ ಬೈಯುತ್ತಿದ್ದೆ ಎಂದು ಭಾವ ಆ ಕಡೆಯಿಂದ ನಕ್ಕರು. ಫೋನಿಡುವ ಮುನ್ನ ಮತ್ತೊಮ್ಮೆ, ಮೊದಲ ವರ್ಷ ಒಂದು ದಾಟಿಸಿರಿ ಎಂದರು. ಆಗ ಮಾತ್ರ ನಗುತ್ತಿರಲಿಲ್ಲ.

ಏಪ್ರಿಲ್ ಬಂತು. ಗುಂಡಣ್ಣ ಹೊಡೆಯಲಿಲ್ಲ. ನಾನು ಆಫೀಸಿನಲ್ಲಿ ಎಲ್ಲರಿಗೂ ಡಿಗ್ರಿ ಲೆಕ್ಕ ಹೇಳಿ ಸಮಾಧಾನ ಮಾಡಿದೆ. ಮೇ ಬಂತು, ಟ್ಯುಲಿಪ್ ಅರಳಿದವು, ಗುಂಡಣ್ಣ ಅರಳಲಿಲ್ಲ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದು ಗಾದೆಯಿದೆ. ಈ ಮಹಾನುಭಾವ ಹೊಸದರಲ್ಲೂ ಎತ್ತಲಿಲ್ಲ, ಒಗೆಯಲೂ ಇಲ್ಲ. ಜೂನಿನಲ್ಲಿ ಎಂಬತ್ತೈದು ಡಿಗ್ರಿ ಸೆಕೆಯಲ್ಲೂ ಗಾಳಿ ಬೀಸಿಕೊಂಡು ನಿಂತ. ಆಫೀಸಿನಲ್ಲಿ ಪಕ್ಕದ ಮೇಜಿನವನು, ಗುಂಡಣ್ಣ ಒಂದು ಸಲ ಬ್ಯಾಟು ಬೀಸಿದ್ದಕ್ಕೆ ಬಿದ್ದ ಖರ್ಚಿನಲ್ಲಿ ಎಷ್ಟು ಕಾರಿನ ಬಾಗಿಲು ಮಾಡಬಹುದು ಎಂದು ದಿನವೂ ನನ್ನನ್ನು ಕೇಳತೊಡಗಿದ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು ನನ್ನ ಸ್ಥಿತಿ. ಎಡವಿದವನು ಅವನು, ಬಿದ್ದವನು ನಾನು.

ಇಲ್ಲಿ ಒಂದು ವಿಚಿತ್ರ ಗಮನಿಸಿದೆ. ನನ್ನ ಬಾಯಲ್ಲಿ 'ನಮ್ಮ ದುಡ್ಡು' ಎಂಬ ಮಾತು ಬರತೊಡಗಿತ್ತು. 'ನಮ್ಮ ದುಡ್ಡು ತಿಂದು ಕೂತಿದ್ದಾನೆ' ಎನ್ನುತ್ತಿದ್ದೆ. ಯಾರ ದುಡ್ಡು? ಟೀಮಿನ ಮಾಲೀಕರು ನನ್ನನ್ನು ಕೇಳಿಕೊಂಡಿಲ್ಲ, ನಾನು ಕೊಟ್ಟೂ ಇಲ್ಲ. ಆ ಕ್ರೀಡಾಂಗಣಕ್ಕೆ ನನ್ನ ಕಾಣಿಕೆ ಎಂದರೆ ಟಿಕೆಟ್ಟು, ಪಾರ್ಕಿಂಗು ಮತ್ತು ಒಂದು ದೊನ್ನೆ ಆಲೂಗಡ್ಡೆ. ಆದರೂ ಸ್ವಂತ ಗದ್ದೆ ಮಾರಿ ಅವನನ್ನು ತಂದವನಂತೆ ಕುದಿಯುತ್ತಿದ್ದೆ. ಬೇರೆಯವನ ಸಂಬಳ ನಮ್ಮ ಕಣ್ಣಿಗೆ ಬಿದ್ದ ಕ್ಷಣದಿಂದ ಅವನು ನಮ್ಮ ಮನೆ ಆಳಾಗಿಬಿಡುತ್ತಾನೆ. ನನ್ನ ಸಂಬಳವನ್ನು ಯಾರೂ ಪೇಪರಿನಲ್ಲಿ ಹಾಕುವುದಿಲ್ಲವಾದ್ದರಿಂದ, ನಾನು ಮಾಡಿದ ಬಾಗಿಲು 'ಧಬ್' ಎನ್ನುವ ಬದಲು 'ಟಣ್' ಎಂದ ದಿನ ಯಾರೂ ನನ್ನ ಮೇಜಿನ ಸುತ್ತ ನಿಂತು ಕೂಗುವುದಿಲ್ಲ.

ಜುಲೈಯಲ್ಲಿ ಶಿಕಾಗೋದವರು ಡೆಟ್ರಾಯಿಟಿಗೆ ಆಡಲು ಬಂದರು. ಭಾವ ಐದು ತಾಸು ಡ್ರೈವ್ ಮಾಡಿಕೊಂಡು ಮನೆಗೇ ಬಂದಿಳಿದರು. ತಲೆಯ ಮೇಲೆ ಶಿಕಾಗೋ ಟೋಪಿ, ಕೈಯಲ್ಲಿ ಅವರ ಮನೆಯವರು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಂದದ್ದು ತಮ್ಮ ಟೀಮನ್ನು ನೋಡಲಿಕ್ಕಲ್ಲ, ಕೊಟ್ಟ ಮನೆಯಲ್ಲಿ ಹುಡುಗ ಹೇಗಿದ್ದಾನೆ ಎಂದು ನೋಡಿಕೊಂಡು ಹೋಗಲಿಕ್ಕೆ ಎಂಬುದು ಅವರ ಮುಖದಲ್ಲೇ ಇತ್ತು. ಸೊರಗಿದ್ದಾನೆ ಎಂದರು, ದೂರದಿಂದ ಅವನನ್ನು ಕಂಡ ಕೂಡಲೇ. ನನಗಂತೂ ಇನ್ನೂರೈವತ್ತು ಪೌಂಡಿನ ಆ ದೇಹದಲ್ಲಿ ಸೊರಗಿದ ಜಾಗ ಯಾವುದೆಂದು ತಿಳಿಯಲಿಲ್ಲ.

ಮೊದಲ ಸಲ ಗುಂಡಣ್ಣ ಮೂರು ಬೀಸಿ ಮೂರೂ ತಪ್ಪಿ ಹೋದ. ಎರಡನೆಯ ಸಲ ಬಂದಾಗ ನಮ್ಮವರಿಬ್ಬರು ಆಗಲೇ ದಡದ ಹತ್ತಿರ ನಿಂತಿದ್ದರು, ಒಂದು ಹೊಡೆತ ಬಿದ್ದಿದ್ದರೆ ಇಬ್ಬರೂ ಮನೆ ಸೇರಿ ಎರಡು ರನ್ನಾಗುತ್ತಿತ್ತು. ಮತ್ತೆ ಮೂರು ಬೀಸಿ ಮೂರೂ ಗಾಳಿಗೆ. ಇಡೀ ಕ್ರೀಡಾಂಗಣ ಛೀಮಾರಿ ಹಾಕುತ್ತ 'ಬೂ' ಎಂದಿತು. ನಾನೂ ಎದ್ದು ನಿಂತು ಎದೆ ಬಿರಿಯುವಂತೆ ಬೂ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಜನಜಂಗುಳಿಯಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ನಿಜವಾದ ಸಿಟ್ಟು ಬಂದಾಗ ನನಗೆ ಇಂಗ್ಲಿಷು ಸಾಲದು. "ಕೂಳಿಗೆ ದಂಡ, ಭೂಮಿಗೆ ಭಾರ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅಷ್ಟು ಸಾವಿರ ಜನರಲ್ಲಿ ಅದು ಅರ್ಥವಾದದ್ದು ಇಬ್ಬರಿಗೆ. ಒಬ್ಬಳು ನನ್ನ ಎಡಗಡೆ ಕೂತಿದ್ದಳು, ಒಬ್ಬರು ಬಲಗಡೆ.

ಭಾವ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಮಡಿಸಿದ ಹಾಳೆಯೊಳಗೆ ಇಟ್ಟರು, ಚಟ್ನಿ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಮೈದಾನದ ಕಡೆಯೇ ನೋಡುತ್ತ, "ನಾವು ಏಳು ವರ್ಷದಾಗ ಅವಂಗ ಇಂಥಾ ಮಾತು ಅಂದಿದ್ದಿಲ್ರಿ" ಎಂದರು. ನೀರು ತರುತ್ತೇನೆಂದು ಎದ್ದು ಹೋದವರು ತಿರುಗಿ ಬರಲೇ ಇಲ್ಲ.

ಸುನಂದ ನನ್ನ ಕಡೆ ನೋಡಲಿಲ್ಲ. ಅವಳು ಬೈದಿದ್ದರೆ ಒಂದು ನೆಮ್ಮದಿ. ಮಕ್ಕಳ ಕಿರುಚಾಟಕ್ಕೆಲ್ಲ ಬಗ್ಗದ ಮನುಷ್ಯ ನನ್ನ ಒಂದು ಕೂಗಿಗೆ ಎದ್ದುಹೋಗಿದ್ದರು. ಅವರನ್ನು ನೋಯಿಸಿದೆ ಎಂಬುದು ನನಗೆ ನಿಜಕ್ಕೂ ಚುಚ್ಚಿತು. ಎದ್ದು ಹುಡುಕುತ್ತ ಹೋದೆ. ನೀರಿನ ಸಾಲಿನಲ್ಲಿರಲಿಲ್ಲ. ಕೊನೆಗೆ ಕೆಳಗಿನ ಕಟಕಟೆಯ ಹತ್ತಿರ, ಬಿಸಿಲಿನಲ್ಲಿ, ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದು ಕಂಡಿತು. ಪಕ್ಕದಲ್ಲಿ ಹೋಗಿ ನಿಂತೆ. ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದವನು, ನಾಲಿಗೆ ಕೆಟ್ಟದ್ದು ನೋಡಿ, ಅಷ್ಟು ದುಡ್ಡು ತಗೊಂಡ ಮೇಲೆ ಸ್ವಲ್ಪವಾದರೂ ಹೊಡೆಯಬೇಕಲ್ಲ ಭಾವ ಎಂದುಬಿಟ್ಟೆ.

ಭಾವ ಸಿಟ್ಟಾಗಲಿಲ್ಲ. ಹೊಡೆಯುತ್ತಾನೆಂದು ಕೊಟ್ಟ ದುಡ್ಡೇ ಅವನ ಹೆಗಲ ಮೇಲೆ ಕೂತಿದೆಯಲ್ಲ ಎಂದರು. ತಮ್ಮ ಊರಲ್ಲಿದ್ದಾಗ ಅವನು ಚೆಂಡಿಗೆ ಹೊಡೆಯುತ್ತಿದ್ದನಂತೆ, ಇಲ್ಲಿ ಪ್ರತಿ ಸಲವೂ ಸಂಬಳಕ್ಕೆ ಹೊಡೆಯಲು ನೋಡುತ್ತಿದ್ದಾನಂತೆ. ಸೂಜಿ ಕಂಡು ಬಿಗಿಯಾದ ಮಗುವಿನ ತೋಳಿಗೆ ಚುಚ್ಚಿದರೆ ನೋವು ಹೆಚ್ಚು, ಹಾಗೆಯೇ ಇದು ಎಂದರು. ಅಷ್ಟರಲ್ಲಿ ಗುಂಡಣ್ಣ ಮೂರನೆಯ ಸಲ ಬಂದ. ಎಲ್ಲ ಕಡೆಯಿಂದ ಮತ್ತೆ ಬೂ. ಈ ಸಲ ಚೆಂಡು ಬ್ಯಾಟಿಗೆ ಸಿಕ್ಕಿತು, ಎತ್ತರಕ್ಕೆ ಹೋಯಿತು, ಇನ್ನೇನು ಗೋಡೆ ದಾಟಬೇಕು ಎನ್ನುವಲ್ಲಿ ಶಿಕಾಗೋದ ಹುಡುಗನೊಬ್ಬ ಹಾರಿ ಹಿಡಿದ. ಔಟೇ. ಜನ ಉಸ್ ಎಂದು ಕೂತರು. ಭಾವ ಮಾತ್ರ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತಮ್ಮ ಟೀಮಿನವನು ಚೆಂಡು ಹಿಡಿದದ್ದಕ್ಕಲ್ಲ, ತಲೆ ತಗ್ಗಿಸಿ ಹಿಂದಿರುಗುತ್ತಿದ್ದ ಗುಂಡಣ್ಣನಿಗೆ ಒಂದೇ ಸಮನೆ ಚಪ್ಪಾಳೆ ತಟ್ಟಿದರು. ಸುತ್ತಲಿನವರು ತಿರುಗಿ ನೋಡಿದರು. ನಾನೂ ತಟ್ಟಿದೆ. ಮೊದಲ ನಾಲ್ಕು ಚಪ್ಪಾಳೆ ನೆಂಟಸ್ತಿಕೆ ಉಳಿಯಲೆಂದು. ಆಮೇಲಿನವು ಅವನಿಗೇ. ಅಷ್ಟು ದೊಡ್ಡ ಮನುಷ್ಯ ಹೆಗಲು ಕುಗ್ಗಿಸಿಕೊಂಡು ನಡೆಯುವುದನ್ನು ಹತ್ತಿರದಿಂದ ನೋಡಿದ್ದು ನಾನು ಅದೇ ಮೊದಲು.

ಪಂದ್ಯ ನಾವು ಸೋತೆವು. ವಾಪಸು ಬರುವಾಗ ಭಾವ ಹಿಂದಿನ ಸೀಟಿನಲ್ಲಿ ಒಳ್ಳೆಯ ನಿದ್ದೆಯಲ್ಲಿದ್ದರು. ಹೈವೇ ಸೇರಿ ನಾಲ್ಕಾರು ಎಕ್ಸಿಟ್ ಕಳೆದ ಮೇಲೆ ನಾನು ಮೆಲ್ಲಗೆ, ನಿಮ್ಮಣ್ಣನಿಗೆ ನನ್ನ ಮೇಲೆ ಬೇಜಾರು ಉಳಿದಿದೆಯಾ ಎಂದು ಸುನಂದಳನ್ನು ಕೇಳಿದೆ. ಅವಳು ಒಂದು ಕ್ಷಣ ಹಿಂದೆ ತಿರುಗಿ ನೋಡಿದಳು.

"ಅಣ್ಣಂದು ಬಿಡ್ರಿ," ಎಂದಳು. "ನಮ್ಮ ಮದುವಿ ಆದ ವರ್ಷ ನಿಮ್ಮ ನೌಕರಿ ಹೋತಲ್ಲ, ಅವನ ಬೇಸ್‌ಮೆಂಟಿನ್ಯಾಗ ಇದ್ವಲ್ಲ. ಊರಿಂದ ಎಲ್ಲಾರೂ ಅವಂಗ ಫೋನ್ ಮಾಡಿ, ಭಾರಿ ಅಮೆರಿಕಾದ ಅಳಿಯನ್ನ ಹುಡುಕೀದಿ, ಏನ್ ಮಾಡಾಕತ್ತಾನ ಅಂತ ಕೇಳತಿದ್ರು. ಒಬ್ಬರಿಗೂ ನಿಮ್ಮನ್ನ ಬಿಟ್ಟುಕೊಡಲಿಲ್ಲ ಅವ."

ಓದುಗರಿಗೆ ಈ ವಿಷಯ ಹೇಳದೆ ಮುಗಿಸೋಣ ಎಂದಿದ್ದೆ, ಆಗಲಿಲ್ಲ. ಕಾರು ಕಂಪನಿಗಳೆಲ್ಲ ಮುಗ್ಗರಿಸಿದ ವರ್ಷ ಅದು. ಹೊಸ ಹೆಂಡತಿಯ ಅಣ್ಣನ ಮನೆಯ ನೆಲಮಾಳಿಗೆಯಲ್ಲಿ ಒಂದು ಚಳಿಗಾಲ ಪೂರ್ತಿ ನಾನು ಸಿಕ್ಕ ಸಿಕ್ಕ ಕಡೆಯೆಲ್ಲ ಕೆಲಸಕ್ಕೆ ಅಪ್ಲೈ ಮಾಡುತ್ತ, ಬಿಸಿ ರೊಟ್ಟಿ ತಿನ್ನುತ್ತ ಕೂತಿದ್ದೆ. ಮೇಲಿನಿಂದ ಒಂದು ದಿನವೂ ಒಂದು ಮಾತು ಇಳಿದು ಬಂದಿರಲಿಲ್ಲ. ಅದನ್ನು ನಾನು ಇಷ್ಟು ವರ್ಷ ನನ್ನ ವ್ಯಕ್ತಿತ್ವದ ಪ್ರಭಾವ ಎಂದೇ ತಿಳಿದಿದ್ದೆ. ಹಾಗಾದರೆ ನಿಮ್ಮ ಇಡೀ ಮನೆತನದಲ್ಲಿ ಯಾರೂ ನನಗೆ ಒಮ್ಮೆಯೂ ಬೂ ಅನ್ನಲಿಲ್ಲ ಅಲ್ಲವೇ ಎಂದೆ.

ಸುನಂದ ಕಿಟಕಿಯ ಆಚೆ ನೋಡುತ್ತ ಹೇಳಿದಳು:

"ನಾ ಅಂದೀನಿ. ನಿಮಗ ಕೇಳಿಸಿಲ್ಲ, ಅಷ್ಟ."