ಯರಗುಪ್ಪಿಯ ಎರೆಮಣ್ಣಿನವರಿಗೆ, ಅಲುಗಾಡಬಾರದೆಂದು ಬಿನ್ನಹ

ಯರಗುಪ್ಪಿ, ೧೯೮೬ರ ಮಳೆಗಾಲ

ಮಾನ್ಯ ಎರೆಮಣ್ಣಿನವರೇ,

ಊರಿಗೆಲ್ಲ ಜೋಳ, ಕಡಲೆ, ಹತ್ತಿ ಕೊಟ್ಟು ಸಾಕಿದ ತಮ್ಮ ಪಾದಗಳಿಗೆ, ಅವು ಎಲ್ಲಿವೆಯೆಂದು ತಿಳಿಯದ ಕಾರಣ ತಮ್ಮ ಮೇಲೆ ನಿಂತ ನನ್ನ ಪಾದಗಳನ್ನೇ ಆದಷ್ಟು ಹಗುರ ಮಾಡಿಕೊಂಡು, ಶಂಭುಲಿಂಗಪ್ಪನು ಮಾಡುವ ಶರಣು ಶರಣಾರ್ಥಿ. ಐದನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನ ಕಾಗದವಿದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೊಟ್ಟೆ ದೊಡ್ಡದು. ಹೋದ ಬೇಸಿಗೆಯಲ್ಲಿ ಬಿರುಕಿನೊಳಗೆ ಬಿದ್ದ ನನ್ನ ಕುಡಗೋಲು ಇನ್ನೂ ತಿರುಗಿ ಬಂದಿಲ್ಲ.

ಬಸ್ಸು ನಿಲ್ಲುವಲ್ಲಿ ನಾನು ಎರಡು ಅಂಗಡಿಗಳ ಸಣ್ಣ ಕಟ್ಟಡ ಕಟ್ಟಿಸಿದ್ದು ತಮ್ಮ ಗಮನಕ್ಕೆ ಬಂದೇ ಇದೆ, ಯಾಕೆಂದರೆ ತಾವು ಮಳೆನೀರು ಕುಡಿದು ಉಬ್ಬಿ, ಆರಿ ಕುಗ್ಗಿ, ಅದನ್ನು ದಿನಾಲು ಎತ್ತಿ ಇಳಿಸುತ್ತಿದ್ದೀರಿ. ಒಂದರಲ್ಲಿ ನನ್ನ ಹೆಂಡತಿ ರೇವವ್ವನ ಖಾನಾವಳಿ, ಇನ್ನೊಂದರಲ್ಲಿ ಗುಲಾಮಹುಸೇನನ ಸೈಕಲ್ ರಿಪೇರಿ. ಮದುವೆಯಾದಾಗಿನಿಂದ ಇನ್ನೊಬ್ಬರ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು ರೇವವ್ವ. ಈ ಕೋಣೆ ನಿಂತರೆ ಅವಳೂ ನಿಂತಳು, ಬಿದ್ದರೆ ಮತ್ತೆ ಇನ್ನೊಬ್ಬರ ಒಲೆಯೇ ಗತಿ. ಇದೇ ಚಿಂತೆಯಲ್ಲಿ ನಾನು ಗೋಡೆಗೆ ಕಿವಿ ಹಚ್ಚಿಯೇ ಉಣ್ಣುತ್ತೇನೆ.

ತಮ್ಮನ್ನು ಪರೀಕ್ಷೆ ಮಾಡಿಸದೆ ಕಟ್ಟಿದೆವೆಂದು ತಿಳಿಯಬಾರದು. ಸರಕಾರಿ ಇಂಜಿನಿಯರ ಸಾಹೇಬರು ಜೀಪಿನಲ್ಲಿಯೇ ಬಂದಿದ್ದರು. ಹಿಂದಿನ ದಿನ ಅಡ್ಡಮಳೆ ಬಿದ್ದಿತ್ತು; ಮನೆಗೆ ಬರುವವರ ಕಾಲಿಗೆ ಕೆಸರು ಹತ್ತಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ರೇವವ್ವ ಗುಡ್ಡದ ಕಡೆಯಿಂದ ಎರಡು ಚಕ್ಕಡಿ ಕೆಂಪು ಗರಸು, ಅಂದರೆ ಹರಳುಗಲ್ಲಿನ ಗಟ್ಟಿ ಮಣ್ಣು, ತರಿಸಿ, ರಸ್ತೆಯಿಂದ ಜಾಗದ ನಟ್ಟನಡುವಿನವರೆಗೆ ಹಾಸಿಸಿದ್ದಳು. ಸಾಹೇಬರು ಹೊಳೆಯುವ ಬೂಟಿನಲ್ಲಿ ಗರಸಿನ ಮೇಲೆ ನಡೆದು, ಗರಸಿನ ಮೇಲೆಯೇ ಕುಂತು, ಪರೀಕ್ಷೆಯ ಚೀಲಕ್ಕೆ ಗರಸನ್ನೇ ತುಂಬಿಕೊಂಡರು. ನಾನು ಅಂಜುತ್ತಲೇ, “ಸಾಹೇಬ್ರ, ಅದು ನಿನ್ನೆ ಹಾಕಿಸಿದ್ದರಿ, ನಮ್ಮ ಮಣ್ಣು ಅದರ ಕೆಳಗೈತ್ರಿ” ಅಂದೆ. “ಎಲ್ಲಾ ಮಣ್ಣೂ ಯಾವುದರದೋ ಕೆಳಗ ಇರ್ತದ್ರೀ” ಅಂದರು. ಅಷ್ಟು ದೊಡ್ಡ ಮಾತು ಕೇಳಿ, ಅರ್ಧ ಐದನೆಯ ಇಯತ್ತೆಯವನಾದ ನಾನೇ ಆ ಚೀಲ ಹೊತ್ತು ಜೀಪಿನಲ್ಲಿಟ್ಟೆ.

ವರದಿ ಬಂತು: ಗಟ್ಟಿ ಕೆಂಪು ಗರಸು, ನೀರಿಗೆ ಉಬ್ಬುವುದಿಲ್ಲ, ಎರಡಡಿ ಪಾಯ ಸಾಕು. ಅಗೆದರೆ ಕರ್ರಗೆ ತಾವೇ ಬಂದಿರಿ. ಗೌಂಡಿ ಮಾಬುಸಾಬರಿಗೆ ತೋರಿಸಿದೆ. “ಕಾಗದದಾಗ ಕೆಂಪು ಐತಿ, ಮ್ಯಾಲೆ ಶಿಕ್ಕಾ ಐತಿ. ಸರಕಾರ ಕೆಂಪಂದ್ರ ಕರೇದು ಅನ್ನಾಕ ನೀ ಯಾವನಲೇ?” ಅಂದು ಕಲ್ಲು ಇಟ್ಟೇಬಿಟ್ಟರು. ಹೀಗಾಗಿ ಕಾಗದದ ಪ್ರಕಾರ ತಾವು ಇಲ್ಲಿ ಇಲ್ಲವೇ ಇಲ್ಲ. ಇಲ್ಲದವರು ಇಷ್ಟೊಂದು ಉಬ್ಬುವುದು ತಮ್ಮಂಥ ದೊಡ್ಡವರಿಗೆ ಶೋಭಿಸುತ್ತದೆಯೇ?

ಮಳೆ ಹಿಡಿದ ಮೇಲೆ ಖಾನಾವಳಿಯ ಬಾಗಿಲು ತೆರೆಯಲೊಲ್ಲದು. ರೇವವ್ವ ಹಿಟ್ಟಿನ ಬುಟ್ಟಿಯನ್ನು ಕಿಟಕಿಯಿಂದ ಇಳಿಸುತ್ತಾಳೆ. ನಡುಗೋಡೆ ಬಿರಿದದ್ದಕ್ಕೆ ಗುಲಾಮಹುಸೇನ, “ಛಲೋ ಆತು ಬಿಡ್ರಿ ಕಾಕಾ, ಚಾ ಇಲ್ಲಿಂದನ ಕೊಡ್ರಿ, ಸುತ್ತು ಹಾಕೂದು ತಪ್ಪಿತು” ಎಂದು ಬಿರುಕಿನಲ್ಲಿ ಕೈ ಚಾಚುತ್ತಾನೆ. ಅವನೇನೋ ನಗುತ್ತಾನೆ. ಊಟಕ್ಕೆ ಬಂದವರು ಮಾತ್ರ ತಾಟು ನೋಡುವ ಮೊದಲು ಛತ್ತು ನೋಡಿ, “ಕಟ್ಟಿ ಕೊಡವ್ವಾ, ಹೊರಗ ಉಣತೀವಿ” ಅನ್ನುತ್ತಾರೆ.

ಆದಕಾರಣ ತಾವು ನೆರೆಯೂರು ಕುಬಿಹಾಳದ ಹೊಲಗಳಲ್ಲಿ ಮನಸಾರೆ ಉಬ್ಬಿಕೊಂಡು, ನಮ್ಮ ಜಾಗದ ಮಟ್ಟಿಗೆ ಸರಕಾರಿ ಶಿಕ್ಕಾಕ್ಕೆ ಮರ್ಯಾದೆ ಕೊಟ್ಟು ಕೆಂಪಾಗಬೇಕು. ಅದು ಆಗದಿದ್ದರೆ ನಾಲ್ಕೂ ಮೂಲೆಗೆ ಭೇದ ಮಾಡದೆ ಸಮನಾಗಿ ಉಬ್ಬಬೇಕು. ನೀರು ಕುಡಿಯಲೇಬೇಕಾದರೆ ಖಾನಾವಳಿಗೆ ರಜೆಯಿರುವ ಅಮಾವಾಸ್ಯೆಯಂದು ಕುಡಿಯಬೇಕು.

ಬಿರುಕು ನೋಡಲು ನಾಳೆ ಸಾಹೇಬರು ಮತ್ತೆ ಬರುತ್ತಾರೆ. ರೇವವ್ವ ಮತ್ತೆ ಗರಸು ತರಿಸಹೊರಟಿದ್ದಳು. ಎಂದೂ ಇಲ್ಲದೆ ಅಡ್ಡ ನಿಂತೆ. “ಸಾಹೇಬ್ರು ರಾಡಿ ತುಳೀಬೇಕೇನ? ಮಂದಿ ಏನಂದಾರು?” ಅಂದಳು. ಈ ಸಲ ನಡುವೆ ಯಾರೂ ಬೇಡ, ತಮ್ಮದೂ ಸಾಹೇಬರದೂ ನೇರ ಭೇಟಿಯಾಗಲಿ ಎಂದೆ. ಗಟ್ಟಿ ನೆಲ ಮುಟ್ಟುವ ಪಾಯದ ನಕ್ಷೆಯನ್ನು ಅವರು ಬರೆದುಕೊಡುವ ತನಕ, ಬಂದವರ ಕಾಲು ಬಿಡದ ತಮ್ಮ ಹಳೆಯ ಗುಣವನ್ನು ತಾವು ಬಿಡಬಾರದು.

ತಮ್ಮ ಮೇಲೆ ನಿಂತು ತಮಗೇ ಅಂಜುವ,
ತಮ್ಮ ವಿಶ್ವಾಸಿ,
ಶಂಭುಲಿಂಗಪ್ಪ

ತಾ.ಕ. (ಮರುದಿನ): ಸಹಕಾರಕ್ಕೆ ಉಪಕಾರವಾಯಿತು. ಜೀಪು ಅರ್ಧ ಗಾಲಿಯ ತನಕ ತಮ್ಮಲ್ಲಿದೆ, ಸಾಹೇಬರ ಎಡಗಾಲ ಬೂಟು ಪೂರ್ತಿ ತಮ್ಮಲ್ಲಿದೆ. ರೇವವ್ವ ಕಿಟಕಿಯಿಂದಲೇ ಅವರಿಗೆ ರೊಟ್ಟಿ, ಎಣಗಾಯಿ ಕೊಟ್ಟಳು. ಉಂಡು, ಬರಿಗಾಲಿಗೆ ಮೆತ್ತಿದ ತಮ್ಮನ್ನು ಕಡ್ಡಿಯಿಂದ ಕೆರೆಯುತ್ತ ಕೇಳಿದರು: “ಈ ಕರೇ ಮಣ್ಣು ಯಾವಾಗ ತಂದು ಹಾಕಿಸಿದ್ರೀ?” ಬೂಟನ್ನು ಈಗಲೇ ಬಿಡಬೇಡಿ.